ಹೋಗುವ ನೀರು

ಬರುವ ನೀರಿಗೆ ನಮ್ಮ ನಾಡಿನಲ್ಲಿರುವ ಮರ್ಯಾದೆ ಹೋಗುವ ನೀರಿಗೆ ಇಲ್ಲ. ಜಲಾಶಯ ತುಂಬಿತೆಂದರೆ ಮುಖ್ಯಮಂತ್ರಿಗಳೇ ಬಂದು ಬಾಗಿನ ಅರ್ಪಿಸುತ್ತಾರೆ. ಅರಿಸಿನ, ಕುಂಕುಮ, ಬಳೆ, ಕುಪ್ಪಸದ ಕಣ ಎಲ್ಲವನ್ನೂ ಮೊರದಲ್ಲಿಟ್ಟು ಗಂಗಮ್ಮನ ಮಡಿಲಿಗೆ ಒಪ್ಪಿಸುತ್ತಾರೆ. ಹೊಸದಾಗಿ ಕೊರೆಸಿದ ಬೋರಿನಲ್ಲಿ ನೀರು ಚಿಮ್ಮಿತೆಂದರೆ ತೆಂಗಿನಕಾಯಿ ಒಡೆಯುತ್ತೇವೆ. ಓಣಿಗೆ ನಲ್ಲಿ ಬಂದರೆ ನಲ್ಲಿಗೇ ಹೂವು ಮುಡಿಸುತ್ತೇವೆ. ಆದರೆ ಆ ನೀರು ತನ್ನ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಅದರ ಕಡೆ ತಿರುಗಿ ನೋಡುವವರಿಲ್ಲ. ಬಚ್ಚಲ ಮೋರಿಗೆ ಆರತಿ ಎತ್ತಿದವರನ್ನು ನಾನು ಕಂಡಿಲ್ಲ. ಬಸಿಗಾಲುವೆಗೆ ಬಾಗಿನ ಕೊಟ್ಟ ಸುದ್ದಿಯನ್ನು ಯಾವ ಪತ್ರಿಕೆಯಲ್ಲಿಯೂ ಓದಿಲ್ಲ.

ಪುರಾಣವನ್ನು ಕೂಡ ನಾವು ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದೇವೆ. ಭಗೀರಥ ಗಂಗೆಯನ್ನು ತಂದ ಎಂದು ಹೊಗಳುತ್ತೇವೆ. ತಂದದ್ದೇನೋ ನಿಜ. ಆದರೆ ತಂದು ನಡುಬಯಲಿನಲ್ಲಿ ಬಿಟ್ಟು ಕೈತೊಳೆದುಕೊಳ್ಳಲಿಲ್ಲ. ತಾನು ಮುಂದೆ, ಗಂಗೆ ಹಿಂದೆ, ಹೀಗೆ ದಾರಿ ತೋರಿಸುತ್ತ ಸಮುದ್ರದವರೆಗೂ ನಡೆದ. ನೀರು ತರುವುದು ಭಗೀರಥ ಪ್ರಯತ್ನವಾದರೆ ಅದನ್ನು ಸಮುದ್ರ ಮುಟ್ಟಿಸುವುದೂ ಅದೇ ಪ್ರಯತ್ನದ ಇನ್ನರ್ಧ. ಆ ಅರ್ಧ ನಮ್ಮ ಗಾದೆಗೆ ಬರಲಿಲ್ಲ.

ಕೆರೆ ಕಟ್ಟಿದ ಹಿಂದಿನವರು ಇಷ್ಟು ಮರೆವಿನವರಾಗಿರಲಿಲ್ಲ. ಏರಿಯ ಜೊತೆಗೇ ತೂಬನ್ನೂ ಕೋಡಿಯನ್ನೂ ಕಟ್ಟಿದರು. ತೂಬು, ಬೇಕಾದಾಗ ಬೇಕಾದಷ್ಟು ಬಿಡುವುದಕ್ಕೆ. ಕೋಡಿ, ಹೆಚ್ಚಾದದ್ದು ಏರಿಗೆ ಆಪತ್ತು ತರದೆ ತಾನಾಗಿ ಹೊರಟುಹೋಗುವುದಕ್ಕೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನ ಇಂದಿಗೂ ಪ್ರಸಿದ್ಧ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಅದರಲ್ಲಿ ಎಣಿಸಿ ಹೇಳಿದೆ. ಆ ದೋಷಗಳಲ್ಲಿ ಸವುಳು ನೆಲ ಒಂದು. ನೆಲ ಕಡಿಮೆಯಿದ್ದು ನೀರು ಹೆಚ್ಚಾಗಿರುವುದು ಇನ್ನೊಂದು. ನೀರು ಕಡಿಮೆಯಾದರೆ ಕಷ್ಟವೆಂದು ಯಾರು ಬೇಕಾದರೂ ಹೇಳಿಯಾರು. ಹೆಚ್ಚಾದರೂ ದೋಷವೇ ಎಂದು ಕಲ್ಲಿನಲ್ಲಿ ಕೊರೆಸಿಟ್ಟವರದು ದೊಡ್ಡ ತಿಳಿವು.

ನಾನು ಇದನ್ನೆಲ್ಲ ಯೋಚಿಸುವಂತಾದದ್ದು ಸಿಂಧನೂರಿನಲ್ಲಿ. ಅದೂ ಕಾಲುವೆಯ ದಂಡೆಯ ಮೇಲಲ್ಲ. ಅಕ್ಕನ ಮನೆಯ ಮಹಡಿಯಲ್ಲಿ, ಒಂದು ಕಂಪ್ಯೂಟರಿನ ಎದುರಿಗೆ.

ಸಿಂಧನೂರು ಈಗ ಭತ್ತದ ಊರು. ಗಂಗಾವತಿಯ ಕಡೆಯಿಂದ ಬನ್ನಿ, ರಾಯಚೂರಿನ ಕಡೆಯಿಂದ ಬನ್ನಿ, ಊರು ಹತ್ತಿರವಾಯಿತೆಂಬುದನ್ನು ಟ್ರ್ಯಾಕ್ಟರು ಮಾರುವ ಅಂಗಡಿಗಳೂ ಅಕ್ಕಿ ಗಿರಣಿಗಳೂ ಸಾರಿ ಹೇಳುತ್ತವೆ. ಕಾಲುವೆಯಲ್ಲಿ ನೀರಿದ್ದ ತಿಂಗಳುಗಳಲ್ಲಿ ಕಣ್ಣು ಹಾಯುವಷ್ಟು ದೂರ ಹಸಿರು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಅದು ಹಳೆಯ ರಾಯಚೂರು ಸೀಮೆಯೇ. ಬಿಸಿಲು 40 ಡಿಗ್ರಿಯನ್ನು ದಾಟಿ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ನಾಯಿಯೂ ನಡೆಯದು. ಮದುವೆಗಳು ನಡೆಯುವುದೂ ಆಗಲೇ.

ಅಕ್ಕನ ಮಗನ ಕಸುಬು ಮದುವೆಯ ವೀಡಿಯೋ. ಎರಡು ದಿನ ತೆಗೆದ ಚಿತ್ರವನ್ನು ಮೂರು ಗಂಟೆಗೆ ಇಳಿಸಿ, ಬಣ್ಣ ತಿದ್ದಿ, ಹಾಡು ಕೂಡಿಸಿ, ಮದುಮಕ್ಕಳು ಮೋಡದೊಳಗಿಂದ ಇಳಿದು ಬರುವಂತೆ ಮಾಡಿ ಕೊಡುತ್ತಾನೆ. ಇಷ್ಟು ಕೆಲಸ ಮಾಡುವ ಕಂಪ್ಯೂಟರು ಸಾಮಾನ್ಯದ್ದಲ್ಲ. ಭರದಿಂದ ದುಡಿಯುವಾಗ ಅದು ಹೊರಹಾಕುವ ಬಿಸಿ ನಾಲ್ಕೈದು ನೂರು ವಾಟ್. ಅಂದರೆ ಇಸ್ತ್ರಿಪೆಟ್ಟಿಗೆಯ ಬಿಸಿಯ ಅರ್ಧದಷ್ಟು. ಬರಿಯ ಫ್ಯಾನಿನ ಗಾಳಿ ಸಿಂಧನೂರಿನ ಮೇ ತಿಂಗಳಲ್ಲಿ ಎಷ್ಟರದು! ಬಿಸಿಗೆ ಬಿಸಿಯನ್ನೇ ಬೀಸಿದಂತೆ. ಅದಕ್ಕಾಗಿ ಅವನು ಬೆಂಗಳೂರಿನಿಂದ ಸಾಮಾನು ತರಿಸಿ, ಬಲ್ಲವನೊಬ್ಬನ ಕೈಯಿಂದ ಕಂಪ್ಯೂಟರಿಗೆ ನೀರಿನ ವ್ಯವಸ್ಥೆ ಮಾಡಿಸಿಕೊಂಡಿದ್ದ.

ಕಂಪ್ಯೂಟರಿನೊಳಗೆ ನೀರು ಎಂದರೆ ನನ್ನಂಥವನಿಗೆ ಎದೆ ಝಲ್ಲೆನ್ನುತ್ತದೆ. ಆದರೆ ವ್ಯವಸ್ಥೆ ಸರಳವಾದದ್ದು. ಒಂದು ಪುಟ್ಟ ಪಾರದರ್ಶಕ ತೊಟ್ಟಿ. ಅದರ ಕೆಳಗೆ ಅಂಗೈಯಲ್ಲಿ ಹಿಡಿಯುವಷ್ಟರ ಪಂಪು. ಪಂಪು ದೂಡಿದ ನೀರು ಕೊಳವೆಯ ಮೂಲಕ ಹೋಗಿ ಯಂತ್ರದ ಮಿದುಳಿನ ಮೇಲೆ ಕೂರಿಸಿದ ತಾಮ್ರದ ಬಿಲ್ಲೆಯೊಳಗೆ ಹಾಯುತ್ತದೆ. ಆ ಬಿಲ್ಲೆಯೊಳಗೆ ಕೂದಲಿನಷ್ಟು ಸಣ್ಣ ಸಾಲುಗಳು. ನೀರು ಆ ಸಾಲುಗಳಲ್ಲಿ ಹರಿದು ಬಿಸಿಯನ್ನು ಹೊತ್ತುಕೊಳ್ಳುತ್ತದೆ. ಅಲ್ಲಿಂದ ಚಿತ್ರಗಳನ್ನು ಮೂಡಿಸುವ ಕಾರ್ಡಿಗೆ ಹೋಗಿ ಅದರ ಬಿಸಿಯನ್ನೂ ಹೊರುತ್ತದೆ. ಆಮೇಲೆ ರೇಡಿಯೇಟರಿಗೆ ಬಂದು, ಫ್ಯಾನಿನ ಗಾಳಿಗೆ ಹೊರೆ ಇಳಿಸಿ, ಮತ್ತೆ ತೊಟ್ಟಿಗೆ. ಎಲ್ಲ ಸೇರಿ ಒಂದು ಲೀಟರು ನೀರು. ಅದೇ ನೀರು ಹಗಲಿರುಳು ಅದೇ ದಾರಿಯಲ್ಲಿ ಸುತ್ತುತ್ತದೆ, ಗಾಣದೆತ್ತಿನಂತೆ. ಟ್ರ್ಯಾಕ್ಟರಿನ ಇಂಜಿನಿಗೆ ಮಾಡಿರುವುದನ್ನೇ ಚಿಕ್ಕದಾಗಿ, ಚೆಂದವಾಗಿ ಮಾಡಿದ್ದಾರೆ, ಅಷ್ಟೆ.

ತೊಟ್ಟಿಯ ನೆತ್ತಿಯ ಮೇಲೆ ತುಂಬಿಸುವುದಕ್ಕೆ ಒಂದು ಬಾಯಿ ಇತ್ತು. ತೆಗೆಯುವುದಕ್ಕೆ ಬಾಯಿಯೇ ಇರಲಿಲ್ಲ.

"ನೀರು ಒಳಗೇ ಸುತ್ತತೈತಲ್ಲ, ತೆಗೆಯೋದು ಯಾಕ ಬೇಕು?" ಎಂದು ಕಟ್ಟಿಕೊಟ್ಟವನು ಕೇಳಿದನಂತೆ. ಕೇಳುವುದಕ್ಕೆ ಸರಿಯಾದ ಮಾತೇ. ಮುಚ್ಚಿದ ದಾರಿಯಲ್ಲಿ ಸುತ್ತುವ ನೀರು ಕೊಳೆಯಾಗುವುದೆಲ್ಲಿಂದ? ಆದರೆ ಆಗುತ್ತದೆ. ಕೊಳವೆಯ ರಬ್ಬರು ಕ್ರಮೇಣ ತನ್ನ ಸತ್ವವನ್ನು ನೀರಿಗೆ ಬಿಡುತ್ತದೆ. ಲೋಹದ ಕಣಗಳು ಸೇರುತ್ತವೆ. ತಾಮ್ರದ ಜೊತೆಗೆ ಅಲ್ಯುಮಿನಿಯಂ ಇದ್ದರಂತೂ ಆ ಎರಡಕ್ಕೂ ನೀರಿನ ನಡುವೆ ಸದಾ ಜಗಳ, ಅಲ್ಯುಮಿನಿಯಂ ತಿಂದುಹೋಗುತ್ತದೆ. ಬೆಳಕು ಬಿದ್ದರೆ ಪಾಚಿ. ನೀರಿಗೆ ಹಾಕಿದ ಔಷಧಿಯೂ ವರ್ಷದ ಮೇಲೆ ಶಕ್ತಿಗುಂದುತ್ತದೆ. ಕೂದಲಿನ ಸಾಲುಗಳಲ್ಲಿ ಈ ಕೆಸರು ಕೂತಿತೆಂದರೆ ಬಿಸಿ ಮತ್ತೆ ಮೇಲೇರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಹಳೆಯ ನೀರನ್ನು ತೆಗೆದು ಹೊಸ ನೀರು ತುಂಬಬೇಕು.

ಮೊದಲ ವರ್ಷ ತೆಗೆದ ಕಥೆಯನ್ನು ಅಕ್ಕನ ಬಾಯಿಂದಲೇ ಕೇಳಬೇಕು. ಬಾಗಿಲು ತೆಗೆದ ಕಂಪ್ಯೂಟರನ್ನು ಇಬ್ಬರು ಎತ್ತಿ ಗಿಂಡಿಯಂತೆ ಓರೆಮಾಡಿ, ಒಬ್ಬ ಕೊಳವೆಯನ್ನು ಕಿತ್ತು, ಇನ್ನೊಬ್ಬ ಕೆಳಗೆ ಪರಾತ ಹಿಡಿದು ನಡೆಸಿದ ಸಮಾರಂಭ ಅದು. ನೀರಿಗೆ ಪರಾತದ ದಾರಿ ಗೊತ್ತಿರಲಿಲ್ಲ. ತನಗೆ ತೋಚಿದ ದಾರಿ ಹಿಡಿಯಿತು. "ಮನ್ಯಾಗಿನ ಟವೆಲ್ಲೆಲ್ಲಾ ಅದಕ್ಕೇ ಹೋದ್ವು ನೋಡಪ್ಪಾ. ಹಡೆದ ಕೂಸಿಗೂ ಇಷ್ಟು ಅರಿವಿ ಹಾಸಿರಲಿಲ್ಲ ನಾನು" ಎಂದಳು ಅಕ್ಕ. ಚಿತ್ರದ ಕಾರ್ಡು ತೊಯ್ದು, ನಾಲ್ಕು ದಿನ ಒಣಗಿಸಿದರೂ ಏಳಲಿಲ್ಲ. ಅದೇ ವಾರ ಮಸ್ಕಿಯ ಒಂದು ಮದುವೆಯ ವೀಡಿಯೋ ಕೊಡಬೇಕಾಗಿತ್ತು.

ಮರುವರ್ಷದ ಬೇಸಿಗೆಯಲ್ಲಿ ನಾನು ಹೋದಾಗ ಹುಡುಗ ಆ ವ್ಯವಸ್ಥೆಗೆ ಒಂದು ಬಸಿಬಾಯಿ ಇಡುವ ಕೆಲಸದಲ್ಲಿದ್ದ. ಮುದುಕರಿಗೆ ಇಂಥ ಕಡೆ ಕುರ್ಚಿ ಹಾಕಿಕೊಂಡು ಕೂರುವುದು ಬಲು ಇಷ್ಟ, ನಾನೂ ಕೂತೆ. ಮೂರು ಬಾಯಿಯ ಒಂದು ಪುಟ್ಟ ಜೋಡಣೆ, ಹಿತ್ತಾಳೆಯದು. ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದೆಂದು ನೋಡಿ, ಅಲ್ಲಿಯ ಕೊಳವೆಯನ್ನು ಕತ್ತರಿಸಿ ಇದನ್ನು ಸೇರಿಸಿದ. ಎರಡು ಬಾಯಿ ಎಂದಿನ ಹರಿವಿಗೆ. ಮೂರನೆಯ ಬಾಯಿಗೆ ಒಂದು ತಿರುಗಣೆಯ ಕಾಕು. ಕಾಕಿನ ತುದಿಗೆ ಮತ್ತೊಂದು ಬಿರಡೆ.

"ಕಾಕು ಇದ್ದ ಮ್ಯಾಲೆ ಬಿರಡೆ ಯಾಕೋ?" ಎಂದೆ.

"ಕಾಕು ಯಾರದಾರ ಕೈ ತಾಗಿ ತಿರುಗಿದ್ರ ಮಾಮಾ? ಒಂದು ಮರೆತ್ರ ಇನ್ನೊಂದು ಇರಬೇಕಲ್ರಿ" ಎಂದ.

ತಗ್ಗಿನಲ್ಲಿ ಇಟ್ಟರೆ ಸಾಲದು ಎಂಬುದು ನನಗೆ ತಿಳಿದದ್ದು ಅವನು ಮೊದಲ ಸಲ ಕಾಕು ತೆರೆದಾಗ. ಎರಡು ಗುಟುಕು ಬಂದು ನೀರು ನಿಂತುಹೋಯಿತು. ಹುಡುಗ ನಕ್ಕು, ತೊಟ್ಟಿಯ ನೆತ್ತಿಯ ಮುಚ್ಚಳ ಬಿಚ್ಚಿದ. ನೀರು ಸರಾಗವಾಗಿ ಇಳಿಯಿತು. ಎಳನೀರಿನ ಕೊಳವೆಯ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ಒಳಗಿನದು ಕೆಳಗೆ ಬೀಳುವುದಿಲ್ಲ ಎಂಬುದು ಪ್ರತಿಯೊಂದು ಮಗುವಿಗೂ ಗೊತ್ತು. ನೀರು ಹೋಗಬೇಕಾದರೆ ಅದರ ಜಾಗಕ್ಕೆ ಗಾಳಿ ಬರಬೇಕು. ಇಷ್ಟಾದರೂ ರೇಡಿಯೇಟರಿನ ಹೊಟ್ಟೆಯಲ್ಲಿ ಸ್ವಲ್ಪ ಉಳಿಯಿತು. ಅದಕ್ಕೆ ಯಂತ್ರವನ್ನು ಸ್ವಲ್ಪ ಅತ್ತಿತ್ತ ವಾಲಿಸಬೇಕಾಯಿತು. ಆದರೆ ಟವೆಲ್ಲಿನ ಮಾತು ಬರಲಿಲ್ಲ. ಕಾಕಿಗೆ ಸಿಕ್ಕಿಸಿದ ಕೊಳವೆಯ ಇನ್ನೊಂದು ತುದಿ ನೆಟ್ಟಗೆ ಬಾಟಲಿಯಲ್ಲಿತ್ತು. ಬಂದದ್ದು ಗಂಜಿಯ ಹಾಗೆ ಮಂಜಾದ ನೀರು, ತಳದಲ್ಲಿ ಹಸಿರು ಎಳೆಗಳು.

ಹೊಸ ನೀರು ತುಂಬಿದ ಮೇಲೂ ಅವನಿಗೆ ಅವಸರವಿಲ್ಲ. ಜೋಡಣೆಗಳ ಕೆಳಗೆಲ್ಲ ತೆಳುಕಾಗದ ಹಾಸಿ, ಕಂಪ್ಯೂಟರಿಗೆ ವಿದ್ಯುತ್ತು ಕೊಡದೆ ಪಂಪು ಒಂದನ್ನೇ ಸಂಜೆಯವರೆಗೆ ಓಡಿಸಿದ. ಕಾಗದದ ಮೇಲೆ ಒಂದು ಹನಿಯ ಕಲೆ ಬಿದ್ದರೂ ಗೊತ್ತಾಗಬೇಕು. ತೊಟ್ಟಿಯಲ್ಲಿ ನೀರಿಲ್ಲದಾಗ ಪಂಪನ್ನು ಓಡಿಸಲೇ ಕೂಡದಂತೆ. ಅದರ ಗುಂಬಕ್ಕೆ ನೀರೇ ಎಣ್ಣೆ. ಹಳೆಯ ನೀರನ್ನು ಅಕ್ಕ ತುಳಸಿಗೆ ಹಾಕಹೊರಟಾಗ ಓಡಿಬಂದು ತಡೆದ. ಅದರಲ್ಲಿ ಔಷಧಿ ಇದೆ. ಗಿಡಕ್ಕೂ ಆಗದು, ನಾಯಿ ಬೆಕ್ಕಿಗೂ ಆಗದು.

ಭಾವನವರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರು ಮಾತು ಕಡಿಮೆಯ ಒಕ್ಕಲಿಗರು. "ಟ್ರ್ಯಾಕ್ಟರ್ ರೇಡಿಯೇಟರಿಗೆ ಕೆಳಗ ಕಾಕು ಹುಟ್ಟಾನೇ ಇರತೈತಿ. ನಿಮ್ಮ ಕೂಲರಿಗೂ ಕೆಳಗ ಬಿರಡಿ ಐತಿ. ಇದಕ್ಕ ಇರಲಿಲ್ಲ" ಎಂದರು. ಆಮೇಲೆ ಸ್ವಲ್ಪ ತಡೆದು, "ನಮ್ಮ ಹೊಲಕ್ಕೂ ಇಲ್ಲ" ಎಂದರು.

ಅದು ಹಾಸ್ಯವಾಗಿರಲಿಲ್ಲ. ಮಾರನೆಯ ಮುಂಜಾನೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಊರಿಂದ ಸ್ವಲ್ಪ ದೂರದಲ್ಲಿ ಕಾಲುವೆಯ ಕೆಳಗಿನ ಎರೆ ಹೊಲ. ಅದರ ತಗ್ಗಿನ ಕಡೆಯ ಮೂರು ಎಕರೆಯ ಮೇಲೆ ಯಾರೋ ಸುಣ್ಣ ಎರಚಿದಂತೆ ಬೆಳ್ಳಗೆ ಇಟ್ಟಿತ್ತು. ಕಾಲಿಟ್ಟರೆ ಮೇಲೆ ಹಪ್ಪಳದಂತೆ ಮುರಿಯುವ ಪದರ, ಅದರ ಕೆಳಗೆ ಮೇ ತಿಂಗಳಲ್ಲಿಯೂ ಜಿಗುಟು ತೇವ. ಅಲ್ಲೊಂದು ಇಲ್ಲೊಂದು ಉಪ್ಪಿಗೆ ಹೆದರದ ಹುಲ್ಲಿನ ಗಡ್ಡೆ. ನನ್ನ ಅಕ್ಕ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಇದೇ ಮೂರು ಎಕರೆ ಇಡೀ ಹೊಲಕ್ಕೆ ಮೇಲಾದದ್ದು ಎನ್ನಿಸಿಕೊಂಡಿತ್ತು. ತಗ್ಗಿನ ನೆಲಕ್ಕೆ ನೀರು ಮೊದಲು ಬರುತ್ತದೆ, ಹೆಚ್ಚು ನಿಲ್ಲುತ್ತದೆ. ಭತ್ತಕ್ಕೆ ಇನ್ನೇನು ಬೇಕು?

ಈ ಬಿಳುಪು ಎಲ್ಲಿಂದ ಬಂತು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮನೆಯ ಕೂಲರನ್ನು ನೋಡಿದರೆ ಸಾಕು. ಬೇಸಿಗೆಯ ಕೊನೆಗೆ ಕೂಲರಿನ ಹುಲ್ಲಿನ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದಲ್ಲ, ಅದೇ ಇದು. ಗಾಳಿ ನೀರನ್ನು ಮಾತ್ರ ಒಯ್ಯುತ್ತದೆ. ನೀರಿನಲ್ಲಿದ್ದ ಉಪ್ಪನ್ನು ಅಲ್ಲಿಯೇ ಬಿಡುತ್ತದೆ. ನಾವು ಮತ್ತೆ ನೀರು ಹಾಕುತ್ತೇವೆ, ಮತ್ತೆ ಉಪ್ಪು ಉಳಿಯುತ್ತದೆ. ಅದಕ್ಕಾಗಿಯೇ ಕೂಲರಿನ ತಳದ ಬಿರಡೆಯನ್ನು ಆಗಾಗ ತೆಗೆದು ಹಳೆಯ ನೀರು ಬಿಡಬೇಕು. ಇದೇ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, 1985ರಿಂದ ವಿದ್ಯುತ್ತು ತಯಾರಿಸುತ್ತಿರುವ ಶಾಖೋತ್ಪನ್ನ ಕೇಂದ್ರವಿದೆ. ಇಂಥ ಕೇಂದ್ರಗಳ ದೊಡ್ಡ ಗೋಪುರಗಳಲ್ಲಿ ನೀರು ಆವಿಯಾಗಿ ತಂಪಾಗುತ್ತದೆ. ಅಲ್ಲಿಯೂ ಸುತ್ತುವ ನೀರಿನ ಒಂದು ಪಾಲನ್ನು ಬೇಕೆಂದೇ ಹೊರಗೆ ಬಿಟ್ಟು ಹೊಸದನ್ನು ಸೇರಿಸುತ್ತಿರುತ್ತಾರೆ. ಬಿಡದಿದ್ದರೆ ಉಪ್ಪು ಮಡುಗಟ್ಟಿ ಕೊಳವೆಗಳು ಕಟ್ಟಿಕೊಂಡಾವು.

ಹೊಲದಲ್ಲಿ ನಡೆಯುವುದೂ ಇದೇ ಲೆಕ್ಕ. ಕಾಲುವೆಯ ನೀರು ಸಿಹಿನೀರೇ. ಲೀಟರಿಗೆ ಕಾಲು ಗ್ರಾಂ ಉಪ್ಪು ಇದೆ ಎಂದಿಟ್ಟುಕೊಳ್ಳಿ. ನಾಲಗೆಗೆ ತಿಳಿಯದಷ್ಟು, ಕುಡಿಯಲು ಯಾವ ಅಡ್ಡಿಯೂ ಇಲ್ಲದಷ್ಟು. ಒಂದು ಎಕರೆ ಭತ್ತಕ್ಕೆ ಒಂದು ಬೆಳೆಯಲ್ಲಿ ಒಂದು ಮೀಟರು ಎತ್ತರದ ನೀರು ಹಾಯಿಸಿದರೆ ಸುಮಾರು ನಲವತ್ತು ಲಕ್ಷ ಲೀಟರು. ಗುಣಿಸಿ ನೋಡಿ: ಹತ್ತು ಕ್ವಿಂಟಲು ಉಪ್ಪು! ಪೈರು ನೀರು ಕುಡಿಯುತ್ತದೆ, ಸೂರ್ಯ ನೀರು ಕುಡಿಯುತ್ತಾನೆ. ಉಪ್ಪನ್ನು ಇಬ್ಬರೂ ಮುಟ್ಟರು. ಹೆಚ್ಚಾದ ನೀರು ಕೆಳಗಿಳಿದು ಹಳ್ಳಕ್ಕೆ ಹೋಗುವಂತಿದ್ದರೆ ಉಪ್ಪನ್ನೂ ಹೊತ್ತುಕೊಂಡು ಹೋಗುತ್ತಿತ್ತು. ಆದರೆ ಎರೆಯ ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡದು. ನೆಲದೊಳಗಿನ ನೀರೇ ವರ್ಷದಿಂದ ವರ್ಷಕ್ಕೆ ಮೇಲೇರಿ, ಬೇರಿನ ಹತ್ತಿರ ಬಂದು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನಲ್ಲಿ ಏರಿ, ನೆತ್ತಿಯ ಮೇಲೆ ಉಪ್ಪನ್ನು ಬಿಟ್ಟು ಹಾರಿಹೋಗುತ್ತದೆ. ನೀರು ನಿಂತ ನೆಲ ಜವುಳು, ಉಪ್ಪು ನಿಂತ ನೆಲ ಸವುಳು. ಈ ಕಡೆಯ ಜನ ಎರಡನ್ನೂ ಜೋಡಿಸಿ ಒಂದೇ ಉಸಿರಿನಲ್ಲಿ ಹೇಳುವುದು ಸುಮ್ಮನೆ ಅಲ್ಲ.

ಇದು ಭಾವನವರೊಬ್ಬರ ಹೊಲದ ಮಾತಲ್ಲ. ತುಂಗಭದ್ರೆಗೆ ಕಟ್ಟೆ ಕಟ್ಟಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಸಿಂಧನೂರು ಇನ್ನೂ ಹೈದರಾಬಾದು ರಾಜ್ಯದಲ್ಲಿತ್ತು. 227 ಕಿಲೋಮೀಟರು ಉದ್ದದ ಎಡದಂಡೆಯ ಕಾಲುವೆ ಕೊಪ್ಪಳ, ರಾಯಚೂರು ಸೀಮೆಗಳ ಬಾಯಾರಿಕೆಯನ್ನು ತೀರಿಸುವುದಕ್ಕೆ ಬಂದದ್ದು. ನಕ್ಷೆ ಬರೆದವರ ಎಣಿಕೆಯಲ್ಲಿ ಹೆಚ್ಚಿನ ನೆಲ ಜೋಳ, ಹತ್ತಿಗಳಂಥ ಕಡಿಮೆ ನೀರಿನ ಬೆಳೆಗೆ. ಭತ್ತಕ್ಕೆ ಸಣ್ಣ ಪಾಲು. ಆದರೆ ನೀರು ಕಣ್ಣೆದುರಿಗೆ ಹರಿಯುತ್ತಿರುವಾಗ ಜೋಳ ಬಿತ್ತುವವರು ಯಾರು? ಆಂಧ್ರದ ಕರಾವಳಿಯ ಜಿಲ್ಲೆಗಳಿಂದ ರೈತರು ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಭತ್ತದ ವಿದ್ಯೆಯನ್ನು ತಂದರು. ಅವರಿಂದ ನಮ್ಮವರೂ ಕಲಿತರು. ಊರು ಬೆಳೆಯಿತು, ಹುಡುಗರು ಓದಿದರು, ಮದುವೆಗಳಿಗೆ ವೀಡಿಯೋ ಬಂದಿತು. ಅದನ್ನು ಹಳಿಯುವುದು ಕೃತಘ್ನತೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲ ಜವುಳಾಗುತ್ತಿರುವಾಗಲೇ ಕೊನೆಯ ಭಾಗದ ಮಾನ್ವಿ, ರಾಯಚೂರಿನ ಕಡೆಯವರು ನೀರು ಸಾಲದೆಂದು ಧರಣಿ ಕೂರುತ್ತಾರೆ. ಒಂದೇ ಕಾಲುವೆಯ ಎರಡು ತುದಿಗಳಲ್ಲಿ ಎರಡು ದುಃಖ.

ನಾವೇ ಮೊದಲಿಗರೂ ಅಲ್ಲ. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಡುವೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಕಾಲುವೆ ತೋಡಿ ಬೆಳೆದ ಸುಮೇರಿಯನರ ನಾಡಿನಲ್ಲಿ ಗೋಧಿ ಕ್ರಮೇಣ ಹಿಂದೆ ಸರಿದು, ಉಪ್ಪನ್ನು ತಾಳಬಲ್ಲ ಜವೆಗೋಧಿ ಅದರ ಜಾಗ ಹಿಡಿಯಿತೆಂದು ವಿದ್ವಾಂಸರು ಹೇಳುತ್ತಾರೆ. ನೀರು ತರುವ ಜಾಣತನ ಅವರಿಗಿತ್ತು.

ಆಮೇಲೆ ಬಸಿಬಾಯಿ ಇಡುವುದು ಮೊದಲೇ ಇಡುವುದಕ್ಕಿಂತ ಎಷ್ಟು ಕಷ್ಟವೆಂಬುದನ್ನು ಹೊಲ ಚೆನ್ನಾಗಿ ಕಲಿಸುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದಕ್ಕಾಗಿ ಬಹು ಕಾಲದಿಂದ ದುಡಿಯುತ್ತಿದ್ದಾರೆ. ನೆಲದಡಿಯಲ್ಲಿ ಆಳುದ್ದಕ್ಕೆ ಕಡಿಮೆಯಾದ ಆಳದಲ್ಲಿ ತೂತಿನ ಕೊಳವೆಗಳನ್ನು ಸಾಲಾಗಿ ಹೂಳುತ್ತಾರೆ. ಮಣ್ಣು ಒಳಗೆ ನುಗ್ಗದಂತೆ ಅದಕ್ಕೆ ಹೊದಿಕೆ ಸುತ್ತಿರುತ್ತಾರೆ. ಕೊಳವೆ ಒಂದು ಕಡೆಗೆ ತುಸು ಇಳಿಜಾರಾಗಿರಬೇಕು. ಮೇಲೆ ಸಿಹಿನೀರು ನಿಲ್ಲಿಸಿದರೆ ಅದು ಉಪ್ಪನ್ನು ಕರಗಿಸಿಕೊಂಡು ಕೆಳಗಿಳಿದು ಕೊಳವೆ ಸೇರಿ, ಹೊರಗಿನ ಬಸಿಗಾಲುವೆಗೆ ಬೀಳುತ್ತದೆ. ನೆಲದ ಜಾತಿ ನೋಡಿ ಜಿಪ್ಸಂ ಹಾಕುವುದೂ ಉಂಟು. ಆದರೆ ಜಿಪ್ಸಂ ಬಿಡಿಸಿದ್ದನ್ನು ಹೊರಗೆ ಒಯ್ಯುವ ದಾರಿಯೇ ಇಲ್ಲದಿದ್ದರೆ ಔಷಧಿ ಕುಡಿಸಿ ರೋಗಿಯ ಬಾಯಿ ಹೊಲಿದಂತೆ.

ಬಸಿಬಾಯಿಯ ಮೇಲೆ ಒಂದು ಕೈ ಇರಬೇಕಾದದ್ದೂ ಅಷ್ಟೇ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಣಿ ಹರಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹಗಲಿರುಳು ನದಿಗೆ ಹೋಯಿತು. ಸಿಂಧನೂರಿನಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿನಲ್ಲಿಯೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಕಂಡಿ ಮುಚ್ಚಿದ ತಜ್ಞ ಕನ್ನಯ್ಯ ನಾಯ್ಡು ಅವರನ್ನು ರೈತರು ದೇವರಂತೆ ಕಂಡರು. ಹೋಗಬಾರದ ನೀರು ಹೋದರೆ ಎಷ್ಟು ನಷ್ಟವೆಂಬುದು ನಮಗೆ ಒಂದು ರಾತ್ರಿಯಲ್ಲಿ ತಿಳಿಯುತ್ತದೆ. ಹೋಗಬೇಕಾದ ನೀರು ಹೋಗದಿದ್ದರೆ ಎಷ್ಟು ನಷ್ಟವೆಂಬುದು ತಿಳಿಯುವುದಕ್ಕೆ ಮೂವತ್ತು ವರ್ಷ ಬೇಕು. ಅದಕ್ಕೇ ಮೊದಲನೆಯದು ಸುದ್ದಿಯಾಗುತ್ತದೆ, ಎರಡನೆಯದು ಆಗುವುದಿಲ್ಲ.

ಭಾವನವರ ಹೊಲಕ್ಕೆ ಕೊಳವೆ ಹೂಳಿಸುವಷ್ಟು ಹಣವಿರಲಿಲ್ಲ. ಹೊಲದಂಚಿನಲ್ಲಿ ಆಳವಾಗಿ ಒಂದು ತೆರೆದ ಬಸಿಗಾಲುವೆ ತೋಡುವುದೆಂದು ನಿಶ್ಚಯಿಸಿದರು. ಜೆ.ಸಿ.ಬಿ. ಒಂದು ದಿನದಲ್ಲಿ ತೋಡಿಕೊಡುತ್ತದೆ. ಕಷ್ಟವಿದ್ದದ್ದು ಮಣ್ಣಿನಲ್ಲಲ್ಲ. ಬಸಿದ ನೀರು ಹಳ್ಳ ಸೇರಬೇಕಾದರೆ ಕೆಳಗಿನವರ ಹೊಲವನ್ನು ದಾಟಬೇಕು. ನೀರು ಬರುವ ಕಾಲುವೆಗಾಗಿ ನೆಲ ಬಿಟ್ಟುಕೊಡುವವರು ಸಿಗುತ್ತಾರೆ. ಇನ್ನೊಬ್ಬರ ಉಪ್ಪುನೀರು ಹಾಯಲು ನೆಲ ಕೊಡುವವರು ಎಲ್ಲಿದ್ದಾರೆ? ಕೆಳಗಿನ ಹೊಲದ ಯಜಮಾನರು ವಯಸ್ಸಾದವರು. "ನಿಮ್ಮ ಕೊಳಿ ನನ್ನ ಮನಿ ಮುಂದ ಹಾಯಬೇಕೇನು?" ಎಂದು ಕೇಳಿದರಂತೆ. ಎರಡು ತಿಂಗಳು ಮಾತು ನಿಂತುಹೋಯಿತು. ಹೊಲ ಮಾರಿಬಿಡೋಣ ಎಂಬ ಮಾತೂ ಅಕ್ಕನ ಮನೆಯಲ್ಲಿ ಬಂದಿತ್ತು. ಸವುಳು ಹಿಡಿದ ಹೊಲವನ್ನು ಕೊಳ್ಳಲು ಬಂದವರು ಕೇಳಿದ ಬೆಲೆಯನ್ನು ಭಾವನವರು ನನಗೂ ಹೇಳಲಿಲ್ಲ.

ಕೊನೆಗೆ ಹುಡುಗನೇ ಹೋಗಿ ಆ ಯಜಮಾನರನ್ನು ಕರೆದುಕೊಂಡು ಅವರ ಹೊಲದಲ್ಲಿಯೇ ಒಂದು ಸುತ್ತು ಹಾಕಿದ. ಅವರ ಹೊಲದ ತಗ್ಗಿನ ಮೂಲೆಯಲ್ಲಿಯೂ ಅಂಗಳದಷ್ಟು ಅಗಲ ಬೆಳ್ಳಗೆ ಕಾಣಿಸಿಕೊಂಡಿತ್ತು. ಮುದುಕರು ಬಾಗಿ ಒಂದು ಹಿಡಿ ಮಣ್ಣನ್ನು ತೆಗೆದು ನಾಲಗೆಗೆ ಮುಟ್ಟಿಸಿ ನೋಡಿದರಂತೆ, ಏನೂ ಹೇಳಲಿಲ್ಲವಂತೆ. ಮರುದಿನ ಸಂಜೆ ಅವರೇ ಮನೆಗೆ ಬಂದು, ಕಾಲುವೆ ಎರಡೂ ಹೊಲದ ನಡುವಣ ಬದುವಿನ ಮೇಲೇ ಹೋಗಲಿ, ನೆಲ ಅರ್ಧ ನಿಮ್ಮದು ಅರ್ಧ ನಮ್ಮದು, ಹೂಳು ತೆಗೆಯುವ ಖರ್ಚೂ ಹಾಗೆಯೇ ಎಂದು ಹೇಳಿ ಚಹಾ ಕುಡಿದು ಹೋದರು.

ಹಳ್ಳಕ್ಕೆ ಬಿದ್ದ ಉಪ್ಪು ಅಲ್ಲಿಗೆ ಮುಗಿಯಿತೇ ಎಂದರೆ ಮುಗಿಯಲಿಲ್ಲ. ಹಳ್ಳ ಹೊಳೆ ಸೇರುತ್ತದೆ, ಹೊಳೆಯ ನೀರನ್ನು ಕೆಳಗಿನ ಊರಿನವರು ಎತ್ತಿಕೊಳ್ಳುತ್ತಾರೆ. ನನ್ನ ಬಸಿ ಇನ್ನೊಬ್ಬನ ಬಾವಿ. ಹೆಚ್ಚು ಬಸಿಯಬೇಕಾಗದಂತೆ ಮೊದಲೇ ಕಡಿಮೆ ಹಾಯಿಸುವುದು ಅದಕ್ಕಿರುವ ಒಂದೇ ಪ್ರಾಮಾಣಿಕ ಉತ್ತರ. ಭಾವನವರು ಈಗ ಆ ಮೂರು ಎಕರೆಗೆ ಬೇಸಿಗೆಯ ಭತ್ತವನ್ನು ಬಿಟ್ಟಿದ್ದಾರೆ. ಮುಂಗಾರಿನ ನೀರಿನಲ್ಲಿ ನೆಲವನ್ನು ತೊಳೆದು, ಹಿಂಗಾರಿಗೆ ಜೋಳ ಹಾಕಿ ನೋಡುತ್ತಿದ್ದಾರೆ. ಜೋಳದ ರೊಟ್ಟಿ ತಿನ್ನುವ ಮನೆಗೆ ಅದೇನೂ ಶಿಕ್ಷೆಯಲ್ಲ.

ಬಸಿಗಾಲುವೆ ತೋಡಿ ಎರಡು ಮಳೆಗಾಲಗಳು ಕಳೆದಿವೆ. ಬಿಳುಪು ಪೂರ್ತಿ ಹೋಗಿಲ್ಲ. ಮೂರು ಎಕರೆಯಲ್ಲಿ ಒಂದು ಎಕರೆಯಷ್ಟು ಮತ್ತೆ ಕಪ್ಪಗೆ ಕಾಣುತ್ತಿದೆ. ಉಳಿದದ್ದಕ್ಕೆ ಇನ್ನೂ ಕೆಲವು ವರ್ಷ ಬೇಕು ಎನ್ನುತ್ತಾರೆ. ಕಾಲುವೆಯ ಒಳಗೆ ಜೊಂಡು ಬೆಳೆಯುತ್ತದೆ, ದಂಡೆ ಕುಸಿಯುತ್ತದೆ, ಹೂಳು ಕೂರುತ್ತದೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಎರಡೂ ಮನೆಯವರು ಸಲಿಕೆ ಹಿಡಿದು ಒಂದು ದಿನ ಅದರೊಳಗೆ ಇಳಿಯುತ್ತಾರೆ. ಮಧ್ಯಾಹ್ನದ ರೊಟ್ಟಿ ಒಂದು ವರ್ಷ ಆ ಮನೆಯದು, ಒಂದು ವರ್ಷ ಈ ಮನೆಯದು. ಬರುವ ಸಲದ್ದು ಅಕ್ಕನ ಪಾಳಿ.